ಕಾರಣ: ಪಿತ್ರಾರ್ಜಿತ ಆಸ್ತಿ

ಲಕೋಟೆ ಬಂದ ದಿನ ಹಿಸಾನೊ ಸುಣ್ಣದ ತೊಟ್ಟಿಯಿಂದ ತೊಗಲು ಎಳೆದು ಮನೆಗೆ ಬಂದಿದ್ದಳು. ವರ್ಷಾನುಗಟ್ಟಲೆಯಿಂದ ಅದೇ ಕೆಲಸ. ಉಪ್ಪು ಹಾಕಿದ ಹಸಿ ತೊಗಲು ಲಾರಿಯಲ್ಲಿ ಬರುತ್ತದೆ. ತೊಳೆಯಬೇಕು. ಸುಣ್ಣದ ನೀರಲ್ಲಿ ನೆನೆಹಾಕಬೇಕು. ಕೂದಲು ಸಡಿಲಾದ ಮೇಲೆ ಕೊಕ್ಕೆ ಹಾಕಿ ಮೇಲೆಳೆಯಬೇಕು. ನೀರು ಕುಡಿದ ಎತ್ತಿನ ತೊಗಲು ಹೆಣದಷ್ಟು ಭಾರ. ಇಬ್ಬರು ಹೆಂಗಸರು ಸೇರಿ ಎಳೆಯುತ್ತಾರೆ. ಕೈಗೆ ರಬ್ಬರ್ ಗವಸು ಕೊಡುತ್ತಾರೆ. ಗವಸು ಹರಿಯುತ್ತದೆ, ಸುಣ್ಣ ಒಳಗೆ ಹೋಗುತ್ತದೆ. ಹಿಸಾನೊಳ ಬೆರಳ ತುದಿಯಲ್ಲಿ ಈಗ ಗೆರೆಗಳಿಲ್ಲ. ನುಣ್ಣಗೆ ಸವೆದಿವೆ. ಕಾಗದದ ಹಾಳೆ ತಿರುವಿದರೆ ಜಾರುತ್ತದೆ.

ಆ ಲಕೋಟೆಯನ್ನೂ ಹಲ್ಲಿನಿಂದ ಕಚ್ಚಿ ತೆಗೆದಳು. ಒಳಗೆ ನಗರ ಕಚೇರಿಯ ಒಂದು ಹಾಳೆ. ನಿಮ್ಮ ಕುಟುಂಬ ದಾಖಲೆಯ ನಕಲನ್ನು ಮೂರನೆಯ ವ್ಯಕ್ತಿಯೊಬ್ಬರಿಗೆ ನೀಡಲಾಗಿದೆ, ಇದು ನಿಮ್ಮ ತಿಳಿವಳಿಕೆಗಾಗಿ. ಅಷ್ಟೇ. ಕೆಳಗೆ ಕೆಂಪು ಮೊಹರು.

ಕುಟುಂಬ ದಾಖಲೆಯಲ್ಲಿ ಯಾರು ಯಾರಿಗೆ ಹುಟ್ಟಿದರು, ಯಾರನ್ನು ಮದುವೆಯಾದರು, ಯಾವಾಗ ಸತ್ತರು ಎಂದಿರುತ್ತದೆ. ಹಾಳೆಯ ತಲೆಗೆ ಮನೆತನದ ಮೂಲ ವಿಳಾಸ ಇರುತ್ತದೆ. ನೀವು ಬಾಡಿಗೆಗೆ ಎಲ್ಲೇ ಇರಿ, ತಾನಾಗಿ ಆ ವಿಳಾಸ ಬದಲಾಗುವುದಿಲ್ಲ. ಹಿಸಾನೊಳ ಮೂಲ ವಿಳಾಸ ಕೆಳದಂಡೆ. ಬಂದರಿನ ಪಶ್ಚಿಮಕ್ಕೆ, ಹೊಳೆ ಕಡಲಿಗೆ ಸೇರುವ ಕಡೆ, ಸತ್ತ ದನದ ತೊಗಲು ಸುಲಿಯುವವರನ್ನು ಒಂದು ಕಾಲದಲ್ಲಿ ತಂದು ಕೂರಿಸಿದ ಕೇರಿ. ಜಪಾನಿನ ಈ ದಂಡೆಯ ಯಾವ ಊರಿಗೆ ಹೋದರೂ ಅಂಥ ಒಂದು ಕೇರಿ ಸಿಗುತ್ತದೆ. ನಗರದವರು ಹಿಂದೆಯೇ ಅದರ ಹೆಸರು ಬದಲಿಸಿ ಬೆಳಕುಪೇಟೆ ಎಂದಿಟ್ಟರು. ರಸ್ತೆಗೆ ಡಾಂಬರು ಬಂತು, ಮೋರಿಗೆ ಮುಚ್ಚಳ ಬಂತು. ವಾಸನೆ ಹಾಗೇ ಇತ್ತು. ಹಳೆಯ ದಾಖಲೆ ಹುಡುಕಿಕೊಂಡು ಬರುವವರಿಗೆ ಹಳೆಯ ಹೆಸರೇ ಸಾಕಿತ್ತು.

ಹಾಗೆ ಯಾರಾದರೂ ನಕಲು ತೆಗೆದರೆ ತಿಳಿಸಿ ಎಂದು ಮೊದಲೇ ಹೆಸರು ಬರೆಸಿಡಬಹುದು. ಕಾರ್ಖಾನೆಯಲ್ಲಿ ಜೊತೆಗೆ ತೊಗಲು ಎಳೆಯುವ ತಾಮಿ ಬಲವಂತ ಮಾಡಿ ಬರೆಸಿದ್ದಳು. ತಾಮಿ ಹಿಸಾನೊಗಿಂತ ಹತ್ತು ವರ್ಷ ದೊಡ್ಡವಳು. "ಬರೆಸಿಡೇ. ಮಗಳು ಮದುವೆ ವಯಸ್ಸಿಗೆ ಬಂದಿದಾಳೆ. ಬಂದೇ ಬರ್ತಾರೆ," ಎಂದಿದ್ದಳು.

ಮಗಳು ಮಿಹೊ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಿದ್ದಳು. ದೋಣಿ ಕಂಪನಿಯಲ್ಲಿ ಟಿಕೆಟ್ ವಿಭಾಗದ ಹುಡುಗ ಶುಹೇ. ಅವರಿಬ್ಬರೇ ಮೆಚ್ಚಿದ್ದು. ಚೆರಿ ಹೂ ಬಿಡುವ ಹೊತ್ತಿಗೆ ಮದುವೆ ಎಂದು ಮಾತಾಗಿತ್ತು. ಎರಡೂ ಕಡೆಯವರು ಬಂದರಿನ ಮೇಲಿನ ಹೋಟೆಲಿನಲ್ಲಿ ಒಟ್ಟಿಗೆ ಊಟ ಮಾಡಿದ್ದರು. ಇಡೀ ಮೀನು ಬಂದಿತ್ತು, ತಲೆ ಸಮೇತ. ಹಿಸಾನೊ ಹಿಂದಿನ ದಿನ ಕೈಗೆ ನಿಂಬೆರಸ, ವಿನೆಗರ್ ಎಲ್ಲ ತಿಕ್ಕಿದ್ದಳು. ಆದರೂ ಮೇಜಿನ ಕೆಳಗೇ ಇಟ್ಟುಕೊಂಡಳು. ಅವಳ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಾತಾಡಲು ಬೇರೆ ಯಾರೂ ಇರಲಿಲ್ಲ. ಶುಹೇಯ ತಾಯಿ ನಗುನಗುತ್ತಾ ಕೇಳಿದ್ದಳು. "ನಿಮ್ಮ ಮೂಲ ಎಲ್ಲಾಯ್ತು?"

"ಬಂದರಿನ ಹತ್ರಾನೇ," ಎಂದಳು ಮಿಹೊ.

"ಹೌದಾ. ಬಂದರಿನ ಯಾವ ಕಡೆ?"

"ಮೀನು ತಣ್ಣಗಾಗುತ್ತೆ ಅಮ್ಮಾ," ಎಂದಿದ್ದ ಶುಹೇ.

ಆ ಊಟವಾಗಿ ಸ್ವಲ್ಪ ದಿನಕ್ಕೆ ಲಕೋಟೆ ಬಂತು.

ಹಿಸಾನೊ ಅರ್ಧ ದಿನ ರಜೆ ಹಾಕಿ ನಗರ ಕಚೇರಿಗೆ ಹೋದಳು. ಗುಡ್ಡದ ಮೇಲೆ ಕಡಲಿಗೆ ಮುಖ ಮಾಡಿರುವ ಗಾಜಿನ ಕಟ್ಟಡ. ಚೀಟಿ ತೆಗೆದುಕೊಂಡು ಕೂತಳು. ಪಕ್ಕದ ಕುರ್ಚಿಯ ಹೆಂಗಸು ಮೂಗಿಗೆ ಕರವಸ್ತ್ರ ಹಿಡಿದಳು, ಆಮೇಲೆ ಎದ್ದು ಕಿಟಕಿಯ ಕಡೆ ಹೋಗಿ ಕೂತಳು. ಅದೇನು ಹೊಸದಲ್ಲ. ಸೋಪು ಮೇಲಿನದನ್ನು ತೆಗೆಯುತ್ತದೆ, ಒಳಗೆ ಇಳಿದದ್ದನ್ನು ತೆಗೆಯುವುದಿಲ್ಲ.

ಅರ್ಜಿ ತೆಗೆದುಕೊಳ್ಳುವ ಕಿಟಕಿಯ ಹಿಂದೆ ಇದ್ದವನು ನೋಮಾ. ಎಳೆಯ ಮುಖ, ಮೆತ್ತಗಿನ ದನಿ. ಹಾಳೆ ನೋಡಿದ.

"ಯಾರು ತಗೊಂಡಿದ್ದು?" ಹಿಸಾನೊ ಕೇಳಿದಳು.

"ಅದನ್ನ ಹೇಳೋ ಹಾಗಿಲ್ಲ ಅಮ್ಮಾ."

"ನನ್ನ ಕಾಗದ ತಾನೇ?"

"ಹೌದು, ನಿಮ್ಮದೇ."

"ಮತ್ತೆ?"

"ಕಾಗದ ನಿಮ್ಮದು. ಕೇಳಿದೋರ ಹೆಸರು ಅವರದು. ಅವರ ಖಾಸಗಿ ವಿಷಯ ನಾವು ಹೊರಗೆ ಬಿಡೋ ಹಾಗಿಲ್ಲ."

"ನನ್ನ ಖಾಸಗಿ ವಿಷಯ ಹೊರಗೆ ಹೋಯ್ತಲ್ಲ."

ನೋಮಾ ಕ್ಷಮೆ ಕೇಳಿದ. ಮೂರನೇ ಮಹಡಿಯಲ್ಲಿ ಬೇರೆ ಕಿಟಕಿ ಇದೆ, ಅಲ್ಲಿ ಮಾಹಿತಿ ಕೇಳಿ ಅರ್ಜಿ ಹಾಕಿದರೆ ಅವರು ಪರಿಶೀಲಿಸುತ್ತಾರೆ ಎಂದ. ಹಿಸಾನೊ ಮೂರನೇ ಮಹಡಿಗೆ ಹೋದಳು. ಅಲ್ಲಿಯವಳು ಗುರುತಿನ ಕಾಗದ ಕೇಳಿದಳು, ಸಹಿಯ ಬದಲು ಒತ್ತುವ ಹೆಸರಿನ ಮುದ್ರೆ ಕೇಳಿದಳು. ನಿಮ್ಮ ದಾಖಲೆಯ ಬಗ್ಗೆ ನಿಮಗೆ ಯಾಕೆ ಬೇಕು ಎಂದು ಕೇಳಿದಳು. ಹಿಸಾನೊಗೆ ಬರೆಯುವುದು ನಿಧಾನ. ಪೆನ್ನು ಬೆರಳಲ್ಲಿ ನಿಲ್ಲುವುದಿಲ್ಲ. ಅವಳು ಬರೆಯುವಾಗ ಕಿಟಕಿಯವಳು ಪಂಖವನ್ನು ತನ್ನ ಕಡೆ ತಿರುಗಿಸಿಕೊಂಡಳು.

ಉತ್ತರ ಬರುವ ಮೊದಲೇ ಮದುವೆ ಮುರಿಯಿತು.

ಮಿಹೊ ಸಂಜೆ ಬಂದಳು. ಕೋಟು ತೆಗೆಯಲಿಲ್ಲ. ಅನ್ನಕ್ಕೆ ಬಿಸಿ ಚಹಾ ಸುರಿದುಕೊಂಡು, ಉಪ್ಪು ಹಾಕಿದ ಪ್ಲಮ್ ಕಾಯಿ ಒಂದು ಹಾಕಿಕೊಂಡು ತಿಂದಳು. ತಿಂದು ಮುಗಿಸಿ ಹೇಳಿದಳು. "ಆಗಲ್ವಂತೆ."

"ಏನು?"

"ಮದುವೆ. ಅವರಮ್ಮನಿಗೆ ಹುಷಾರಿಲ್ವಂತೆ. ಈಗ ಸರಿಯಾದ ಸಮಯ ಅಲ್ವಂತೆ. ಫೋನಲ್ಲೇ ಹೇಳಿದ."

"ಬಂದು ಹೇಳೋಕೂ ಆಗ್ಲಿಲ್ವಾ?"

"ಎಲ್ಲಿಗೆ ಬರ್ತಾನೆ? ಇಲ್ಲಿಗಾ?"

ಹಿಸಾನೊಗೆ ಏನಾದರೂ ಹೇಳಬೇಕು ಎನ್ನಿಸಿತು. ಎದೆಯೊಳಗೆ ಕೈ ಹಾಕಿದರೆ ಏನೂ ಸಿಗಲಿಲ್ಲ. ಸುಣ್ಣದ ನೀರಲ್ಲಿ ಬಹಳ ಹೊತ್ತು ಇಟ್ಟ ಕೈಯ ಹಾಗೆ, ಉರಿಯೂ ಇಲ್ಲ, ತಂಪೂ ಇಲ್ಲ. ಬಟ್ಟಲು ತೊಳೆದಿಟ್ಟಳು.

ಮಿಹೊ ಗೋಡೆಯ ಕಡೆ ನೋಡುತ್ತಾ ಹೇಳಿದಳು. "ಅಲ್ಲಮ್ಮಾ, ಅಲ್ಲಿ ಹೋಗಿ ಹೆಸರು ಯಾಕೆ ಬರೆಸಿದ್ದೆ? ಆ ಲಕೋಟೆ ಬರದೇ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ. ಅವನಿಗೆ ನಾನು ಸಾಕಾಗಿದೀನಿ ಅಂದ್ಕೋತಿದ್ದೆ. ಅದೇ ಚೆನ್ನಾಗಿತ್ತು."

ಮಿಹೊ ಹಾಸಿಗೆ ಬಿಡಿಸಿ ಮಲಗಿದಳು. ಮಾರನೇ ಬೆಳಿಗ್ಗೆ ಇಬ್ಬರೂ ಕೆಲಸಕ್ಕೆ ಹೋದರು.

ಕೆಲವು ವಾರ ಕಳೆದು ಮೂರನೇ ಮಹಡಿಯಿಂದ ಉತ್ತರ ಬಂತು. ಯಾರೋ ಸಲ್ಲಿಸಿದ ಅರ್ಜಿಯ ನಕಲು. ಮೈತುಂಬ ಅಕ್ಷರ ಮುಚ್ಚಿದ ಕಪ್ಪು ಪಟ್ಟಿ. ಕೇಳಿದವರ ಹೆಸರು ಕಪ್ಪು. ವಿಳಾಸ ಕಪ್ಪು. ಯಾರ ಪರವಾಗಿ ಕೇಳಿದರು ಎಂಬುದು ಕಪ್ಪು. ಎರಡು ಕಡೆ ಮಾತ್ರ ಬಿಳಿ ಇತ್ತು. ಅರ್ಜಿದಾರರ ವರ್ಗ: ಪರವಾನಗಿ ಹೊಂದಿದ ದಾಖಲೆ ಬರಹಗಾರರು. ಕಾರಣ: ಪಿತ್ರಾರ್ಜಿತ ಆಸ್ತಿ.

ಹಿಸಾನೊ ಅದನ್ನು ಮಡಿಸಿ ಕಾರ್ಖಾನೆಗೆ ಒಯ್ದಳು. ಊಟದ ಬಿಡುವಿನಲ್ಲಿ ತಾಮಿ ಒದ್ದೆ ಏಪ್ರನ್ನಿಗೆ ಕೈ ಒರೆಸಿಕೊಂಡು ಹಾಳೆ ಹಿಡಿದಳು. ಅವಳಿಗೆ ದೂರ ಹಿಡಿದರೇ ಕಾಣುವುದು.

"ಆಸ್ತಿ," ಎಂದಳು ತಾಮಿ. "ಯಾರದೇ? ನಿಮ್ಮಪ್ಪ ತೊಟ್ಟಿ ನಿನ್ನ ಹೆಸರಿಗೆ ಬರೆದು ಹೋಗಿದಾನಾ?"

"ಗೊತ್ತಿಲ್ಲ ತಾಮಿ ಅಕ್ಕ."

"ನನ್ನ ತಂಗಿ ಮದುವೇಲೂ ಹೀಗೇ. ಆಗ ಹೀಗೆ ಕಾಗದ ಕೇಳ್ತಿರ್ಲಿಲ್ಲ. ನೇರ ಬಂದು ಮೋರಿ ಪಕ್ಕದ ಅಂಗಡೀಲಿ ವಿಚಾರಿಸ್ತಿದ್ರು. ಅಂಗಡಿಯೋನು ಸಿಗರೇಟು ಮಾರಿ ವಿಷಯ ಪುಕ್ಕಟೆ ಕೊಡ್ತಿದ್ದ." ತಾಮಿ ಹಾಳೆ ವಾಪಸು ಕೊಟ್ಟಳು. "ಈಗ ಸರ್ಕಾರ ಮೊಹರು ಒತ್ತಿ ಕೊಡುತ್ತೆ. ಬೆಳವಣಿಗೆ."

"ಏನು ಮಾಡ್ಲಿ?"

"ತಂಗಿ ಏನು ಮಾಡಿದ್ಲು? ಮೇಲಿನ ಸೇತುವೆಯಿಂದ ಹಾರಿದ್ಲು. ನೀನು ಅದನ್ನ ಮಾಡ್ಬೇಡ, ನಿನ್ನ ಮಗಳಿಗೂ ಹೇಳು. ಹೋಗಿ ಕೇಳು. ಕೇಳೋಕೇನು, ಬಾಯಿ ಇದೆಯಲ್ಲ."

ಗಂಟೆ ಹೊಡೆಯಿತು. ಇಬ್ಬರೂ ಎದ್ದು ಕೊಕ್ಕೆ ಹಿಡಿದರು. ಮಧ್ಯಾಹ್ನದ ಲೋಡಿನಲ್ಲಿ ಕರುಗಳ ತೊಗಲು ಇತ್ತು. ಹಗುರ. ಹಿಸಾನೊ ಒಬ್ಬಳೇ ಎಳೆದಳು.

ಮುಂದಿನ ಸಲ ರಜೆ ಸಿಕ್ಕಿದಾಗ ಅವಳು ಮತ್ತೆ ನೋಮಾನ ಕಿಟಕಿಯ ಮುಂದೆ ಕೂತಳು. ಕಪ್ಪು ಪಟ್ಟಿಯ ಹಾಳೆ ಮುಂದಿಟ್ಟಳು. ನೋಮಾ ಆಚೀಚೆ ನೋಡಿದ. ಮುಂದಕ್ಕೆ ಬಾಗಿ ದನಿ ಇಳಿಸಿದ.

"ನಾನಿದನ್ನ ಹೇಳಬಾರದು. ಆದ್ರೂ ನಿಮ್ಮನ್ನ ನೋಡಿ ಹೇಳ್ತಿದೀನಿ. ಇದರ ಹಿಂದೆ ಬಿದ್ರೆ ಏನೂ ಸಿಗಲ್ಲ. ಮೂಲ ವಿಳಾಸ ಬದಲಾಯಿಸ್ಕೊಂಡ್ಬಿಡಿ."

"ಬದಲಾಯಿಸೋದಾ?"

"ಒಂದೇ ಒಂದು ಅರ್ಜಿ. ಎಲ್ಲಿಯದು ಬೇಕಾದ್ರೂ ಬರೀಬಹುದು. ನೀವು ಅಲ್ಲಿ ಇರ್ಬೇಕು ಅಂತೇನಿಲ್ಲ. ಕೆಲವರು ಕೋಟೆ ವಿಳಾಸ ಬರೀತಾರೆ. ಬೇಸ್‌ಬಾಲ್ ಮೈದಾನದ್ದು ಬರೆದೋರೂ ಇದಾರೆ. ಆಮೇಲೆ ಮೇಲ್ನೋಟಕ್ಕೆ ಯಾರಿಗೂ ಏನೂ ಕಾಣಲ್ಲ."

"ಕೋಟೇಲಿ ಯಾರಿದಾರೆ?"

"ಯಾರೂ ಇಲ್ಲ. ಬರೀ ಮ್ಯೂಸಿಯಂ."

ಹಿಸಾನೊ ಹಾಳೆಯ ಕಪ್ಪು ಪಟ್ಟಿಯ ಮೇಲೆ ಬೆರಳಾಡಿಸಿದಳು. ನೋಮಾ ಅವಳಿಗೆ ಅರ್ಥವಾಗಲಿಲ್ಲ ಎಂದುಕೊಂಡ. ಧೈರ್ಯ ತುಂಬುವ ಹಾಗೆ ನಕ್ಕ.

"ಕಷ್ಟ ಏನಿಲ್ಲ ಅಮ್ಮಾ. ನಿಮ್ಮ ಮಗಳೂ ಮೊನ್ನೆ ಬಂದು, ನಿಮ್ಮ ದಾಖಲೆಯಿಂದ ಹೆಸರು ತೆಗೆಸಿ ಬೇರೆ ದಾಖಲೆ ಮಾಡಿಸ್ಕೊಂಡು ಹೋದ್ರಲ್ಲ."

ಹಿಸಾನೊ ಅವನ ಬಾಯಿಯನ್ನೇ ನೋಡಿದಳು. ಹಲ್ಲು ಬೆಳ್ಳಗಿದ್ದವು. ಹಿಂದೆ ಎಲ್ಲೋ ಪ್ರಿಂಟರು ಹಾಳೆ ಉಗುಳುತ್ತಿತ್ತು. ಮಗಳು ಹೇಳಿರಲಿಲ್ಲ. ಅವತ್ತೂ ಸಂಜೆ ಬಂದು, ಮೀನು ಸುಟ್ಟು, ತಟ್ಟೆ ತೊಳೆದು ಮಲಗಿರಬೇಕು. ಅಂದರೆ ಈಗ ಆ ದಾಖಲೆಯಲ್ಲಿ ಉಳಿದದ್ದು ಸತ್ತ ಗಂಡ ಮತ್ತು ತಾನು. ಅಳು ಬರುತ್ತದೆಯೇ ಎಂದು ಕಾದಳು. ಬರಲಿಲ್ಲ.

"ನನ್ನ ಕಾಗದ ಯಾರು ತಗೊಂಡ್ರು ಅಂತ ಹೇಳೋ ಹಾಗಿಲ್ಲ," ಎಂದಳು. "ನನ್ನ ಮಗಳು ಏನು ಮಾಡಿದ್ಲು ಅನ್ನೋದನ್ನ ಕೇಳದೇನೇ ಹೇಳಿದ್ರಿ."

ನೋಮಾನ ನಗು ಮುಖದ ಮೇಲೇ ಒಣಗಿತು. "ನಾನು ಒಳ್ಳೇದಕ್ಕೆ ಹೇಳ್ದೆ."

"ಒಂದು ಅರ್ಜಿ ಕೊಡಿ."

ಅವನಿಗೆ ಉಸಿರು ಬಂದಂತಾಯಿತು. ವಿಳಾಸ ಬದಲಿಸುವ ಅರ್ಜಿ ತೆಗೆದುಕೊಟ್ಟ.

"ಇದಲ್ಲ. ಬೇರೆಯೋರ ದಾಖಲೆ ಕೇಳೋ ಅರ್ಜಿ."

ಅವನು ಕೊಟ್ಟ. ಹಿಸಾನೊ ಬರೆದಳು. ಪೆನ್ನು ಎರಡು ಸಲ ಜಾರಿತು, ಎತ್ತಿಕೊಂಡು ಮತ್ತೆ ಬರೆದಳು. ಶುಹೇಯ ಅಪ್ಪನ ಹೆಸರು. ಮದುವೆ ಮಾತಿನ ಹೊತ್ತಿಗೆ ಕೊಟ್ಟಿದ್ದ ಅವರ ಮನೆ ವಿಳಾಸ. ಕಾರಣದ ಜಾಗದಲ್ಲಿ ಬರೆದಳು: ಪಿತ್ರಾರ್ಜಿತ ಆಸ್ತಿ.

ನೋಮಾ ಓದಿದ. "ಇವರು ನಿಮಗೇನಾಗ್ಬೇಕು?"

"ಏನೂ ಇಲ್ಲ."

"ಹಾಗಿದ್ರೆ ಆಸ್ತಿ ಹೇಗೆ? ಅಮ್ಮಾ, ಸುಳ್ಳು ಕಾರಣ ಬರೆದು ದಾಖಲೆ ತಗೊಂಡ್ರೆ ಅಪರಾಧ ಆಗುತ್ತೆ. ದಂಡ ಹಾಕ್ತಾರೆ."

"ಅವನಿಗೆ ಹೇಳಿದ್ರಾ ಇದನ್ನ?"

"ಯಾರಿಗೆ?"

"ನನ್ನ ಕಾಗದ ತಗೊಂಡೋನಿಗೆ."

"ಅವರು ಪರವಾನಗಿ ಇರೋರು. ಅಂಥೋರ ಕಾರಣವನ್ನ ನಾವು ಕೆದಕಲ್ಲ."

"ನಂಗೆ ಯಾವ ಆಸ್ತೀನೂ ಇಲ್ಲ. ನಮ್ಮಪ್ಪ ತೊಗಲು ಹೆರೆಯೋ ಚಾಕು ಒಂದು ಬಿಟ್ಟು ಹೋದ, ಎರಡು ಕಡೆ ಹಿಡಿ ಇರೋದು. ಫೋನ್ ಮಾಡಿ ಕೇಳಿದ್ರೆ ಹೇಳ್ತಿದ್ದೆ. ನನ್ನ ನಂಬರು ನಿಮ್ಮ ಹತ್ರ ಇದೆ."

ನೋಮಾ ಅರ್ಜಿಯನ್ನು ಅವಳ ಕಡೆಗೇ ತಳ್ಳಿದ.

"ಅವನನ್ನ ಏನೂ ಕೇಳ್ಲಿಲ್ಲ ಅಂದ್ರಲ್ಲ. ಅದನ್ನ ಬರೆದು ಕೊಡಿ. ಮೊಹರು ಹಾಕಿ."

"ಅಂಥದ್ದೆಲ್ಲ ಬರೆದು ಕೊಡೋ ಪದ್ಧತಿ ಇಲ್ಲ."

"ಹಾಗಾದ್ರೆ ಕೂತಿರ್ತೀನಿ."

ಅವಳ ಹಿಂದಿನ ಚೀಟಿಯ ನಂಬರು ಕರೆಯಲು ಬೇರೆ ಕಿಟಕಿ ತೆರೆದರು. ಜನ ಬಂದರು, ಹೋದರು. ಹುಟ್ಟಿದ ಮಗುವಿನ ಹೆಸರು ಬರೆಸಲು ಬಂದ ಎಳೆಯ ಗಂಡಹೆಂಡತಿ ಅವಳನ್ನು ಸುತ್ತಿ ದಾಟಿದರು. ಹಿಸಾನೊ ಕೈ ಎರಡೂ ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದಳು. ಅಡಗಿಸಲಿಲ್ಲ. ಬಿರುಕು ಬಿಟ್ಟ, ಹಳದಿ ಉಗುರಿನ ಕೈ. ನೋಮಾ ಕಣ್ಣು ತಪ್ಪಿಸಿ ಕೆಲಸ ಮಾಡಿದ. ಕಾವಲಿನ ಮುದುಕ ಬಂದು ಮೆಲ್ಲಗೆ ಕೇಳಿದ. "ತಾಯಿ, ಮೈಗೆ ಹುಷಾರಿಲ್ವಾ?"

"ಚೆನ್ನಾಗಿದೀನಿ."

"ಎದ್ದು ಆ ಕಡೆ ಕೂರ್ತೀರಾ?"

"ಇಲ್ಲ."

ಇಲ್ಲ ಎಂದದ್ದು ಅವಳ ಕಿವಿಗೇ ಹೊಸದಾಗಿ ಕೇಳಿಸಿತು. ಮುದುಕ ತಲೆ ಕೆರೆದುಕೊಂಡು ಹೋದ.

ಕೊನೆಗೆ ವಿಭಾಗದ ಮುಖ್ಯಸ್ಥ ಇಳಿದು ಬಂದ. ಬೂದು ಸೂಟು, ನರೆತ ಕೂದಲು. ಕಿಟಕಿಯ ಹಿಂದೆ ನಿಲ್ಲಲಿಲ್ಲ, ಸುತ್ತಿ ಹೊರಗೆ ಬಂದು ಅವಳ ಎದುರು ನಿಂತ. ಹಿಸಾನೊ ಎದ್ದಳು. ನಿಮ್ಮ ಮನಸ್ಸಿಗೆ ನೋವಾಗಿದ್ದಕ್ಕೆ ಕಚೇರಿಯ ಪರವಾಗಿ ತುಂಬ ವಿಷಾದವಿದೆ ಎಂದ. ಸೊಂಟದಿಂದ ಬಗ್ಗಿದ. ಪಕ್ಕದಲ್ಲಿ ನೋಮಾನೂ ಬಗ್ಗಿದ.

ಯಾರಾದರೂ ಬಗ್ಗಿದರೆ ನಾವೂ ಬಗ್ಗುತ್ತೇವೆ. ಅದನ್ನು ಯೋಚಿಸಿ ಮಾಡುವುದಿಲ್ಲ. ಅವರಿಗಿಂತ ತುಸು ಹೆಚ್ಚೇ ಬಗ್ಗುತ್ತೇವೆ, ಅಲ್ಲಿಗೆ ವಿಷಯ ಮುಗಿಯುತ್ತದೆ, ಎಲ್ಲರೂ ಮನೆಗೆ ಹೋಗುತ್ತಾರೆ. ಹಿಸಾನೊಳ ಬೆನ್ನು ಬಗ್ಗಿಯೇ ಬೆಳೆದದ್ದು. ತೊಟ್ಟಿಯ ಮೇಲೆ ಬಗ್ಗಿ, ಮೇಸ್ತ್ರಿಯ ಮುಂದೆ ಬಗ್ಗಿ, ಶಾಲೆಯಲ್ಲಿ ಮಗಳ ಮೇಷ್ಟರ ಮುಂದೆ ಬಗ್ಗಿ, ಆ ಹೋಟೆಲಿನ ಬಾಗಿಲಲ್ಲಿ ಶುಹೇಯ ತಾಯಿಯ ಮುಂದೆ ಬಗ್ಗಿ. ಈಗಲೂ ಅದು ತಾನಾಗಿ ಮುಂದಕ್ಕೆ ಹೊರಟಿತು. ಅವಳು ಹಿಡಿದಳು. ಒದ್ದೆ ತೊಗಲನ್ನು ಕೊಕ್ಕೆಯಲ್ಲಿ ಹಿಡಿಯುವ ಹಾಗೆ, ಹಲ್ಲು ಕಚ್ಚಿ, ತೊಡೆ ಬಿಗಿದು ಹಿಡಿದಳು. ಸೊಂಟ ನೋಯಿತು.

ಮುಖ್ಯಸ್ಥ ಬಗ್ಗಿಯೇ ಇದ್ದ. ಅವಳು ಬಗ್ಗದೆ ಅವನು ಏಳುವ ಹಾಗಿರಲಿಲ್ಲ. ಅವನ ಕುತ್ತಿಗೆ ಕೆಂಪಾಯಿತು. ಕುರ್ಚಿಗಳಲ್ಲಿ ಕೂತವರು ಇತ್ತ ತಿರುಗಿದರು. ಕೊನೆಗೆ ಅವನು ತಾನೇ ಎದ್ದ. ಅವಳನ್ನು ಅಲ್ಲಿಯವರೆಗೆ ನೋಡಿಯೇ ಇಲ್ಲ ಎಂಬಂತೆ ನೋಡಿದ.

"ನನಗೆ ಇದು ಬೇಡ," ಹಿಸಾನೊ ಹೇಳಿದಳು. "ಬರವಣಿಗೆ ಬೇಕು. ಯಾರು ಕೇಳಿದ್ರು, ನೀವು ಅವರನ್ನ ಏನು ಕೇಳಿದ್ರಿ. ವಿಳಾಸ ನಾನು ಬದಲಾಯಿಸಲ್ಲ. ನಾನು ಯಾರ ಮನೇಲೂ ಕದ್ದಿಲ್ಲ, ಓಡಿ ಹೋಗೋಕೆ. ನಾಳೆ ಬರ್ತೀನಿ."

"ನಾಳೆಗೂ ಉತ್ತರ ಇದೇ ಇರುತ್ತೆ," ಎಂದ ಮುಖ್ಯಸ್ಥ.

"ಇರಲಿ. ನಾಳಿದ್ದೂ ಬರ್ತೀನಿ."

ಹಿಸಾನೊ ಗುಡ್ಡ ಇಳಿದಳು. ಗೆದ್ದಂತೆ ಏನೂ ಅನ್ನಿಸಲಿಲ್ಲ. ಬಂದರಿನಲ್ಲಿ ದೋಣಿಯೊಂದು ಹೊರಡುವ ಕೂಗು ಹಾಕಿತು.

ಮನೆಗೆ ಬಂದಾಗ ಮಿಹೊ ಅಕ್ಕಿ ತೊಳೆಯುತ್ತಿದ್ದಳು. ಹಿಸಾನೊ ಶೂ ಬಿಚ್ಚಿ ಒಳಗೆ ಬಂದು ಕೂತಳು.

"ಎಲ್ಲಿಯ ವಿಳಾಸ ಬರೆದೆ?"

ಮಿಹೊಳ ಕೈ ನೀರಿನಲ್ಲಿ ನಿಂತಿತು. ಯಾರು ಹೇಳಿದರು ಎಂದು ಕೇಳಲಿಲ್ಲ. "ದೀಪಸ್ತಂಭದ ಪಾರ್ಕು."

"ಅಲ್ಲಿ ಮನೆ ಇದೆಯಾ?"

"ಇಲ್ಲ. ಬೆಂಚುಗಳಿವೆ."

"ಈಗ ಸರಿಹೋಯ್ತಾ?"

"ಇಲ್ಲ," ಮಿಹೊ ಅಕ್ಕಿಯ ನೀರು ಬಸಿದಳು. "ತಾಯಿ ಹೆಸರು ಅಂತ ಒಂದು ಜಾಗ ಇದೆ. ಹೊಸ ದಾಖಲೇಲೂ ನಿನ್ನ ಹೆಸರು ಇದೆ. ನಿನ್ನ ಹೆಸರು ಹಿಡ್ಕೊಂಡು ಹೋದ್ರೆ ಕೆಳದಂಡೆಗೇ ಬರುತ್ತೆ."

"ಅದನ್ನ ತೆಗೆಸೋಕೆ ಅರ್ಜಿ ಇಲ್ವಾ?"

"ಇಲ್ಲ. ಕೇಳ್ದೆ."

ಅಡುಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕಿತು. ಕೇಳ್ದೆ ಎಂಬುದು ಹಿಸಾನೊಳ ಒಳಗೆ ಎಲ್ಲಿಗೆ ಹೋಗಿ ಬಿತ್ತೋ, ಸದ್ದು ಕೇಳಿಸಲಿಲ್ಲ. ಅವಳೇ ಮತ್ತೆ ಕೇಳಿದಳು. "ಏನಂದ ಆ ಕಿಟಕಿಯೋನು?"

"ಕ್ಷಮಿಸಿ ಅಂದ. ಬಗ್ಗಿದ."

"ನೀನು?"

"ನಾನೂ ಬಗ್ಗಿದೆ."

ಮಿಹೊ ಬೆನ್ನು ತಿರುಗಿಸಿಯೇ ನಿಂತಿದ್ದಳು. ಭುಜ ಅಲುಗಲಿಲ್ಲ. ಹಿಸಾನೊ ಎದ್ದು ಹೋಗಿ ಅವಳ ಕೈಯಿಂದ ಪಾತ್ರೆ ತೆಗೆದುಕೊಂಡು ಒಲೆಯ ಮೇಲಿಟ್ಟಳು.

"ನಾಳೆ ಮತ್ತೆ ಹೋಗ್ತೀನಿ," ಎಂದಳು. "ನಂಗೆ ಬರೆಯೋದು ನಿಧಾನ. ನೀನು ಬಂದ್ರೆ ಬೇಗ ಆಗುತ್ತೆ. ಬಗ್ಗೋದಾದ್ರೆ ಬರ್ಬೇಡ."

ಇಬ್ಬರೂ ಉಂಡರು. ಮಲಗಿದರು.

ಬೆಳಿಗ್ಗೆ ಮಿಹೊ ಕ್ಲಿನಿಕ್ಕಿಗೆ ಫೋನ್ ಮಾಡಿ ಇವತ್ತು ಬರುವುದಿಲ್ಲ ಎಂದಳು. ಆ ಕಡೆಯಿಂದ ಕಾರಣ ಕೇಳಿದರು. ಅವಳು ಹೇಳಲಿಲ್ಲ.